‘ಗಡ್ಡೆ ಅಂದ್ರಲ್ಲ, ಅದು ಕ್ಯಾನ್ಸರ್ರಾ?’

ಪ್ರಶ್ನೆ: ಅಪ್ಪನ ಬಯಾಪ್ಸಿ ರಿಪೋರ್ಟ್ ಬಂದ ದಿನ ಡಾಕ್ಟರು ವಾರ್ಡಿನ ಬಾಗಿಲಲ್ಲೇ ನಿಂತು, ಫೈಲಿನಿಂದ ತಲೆ ಎತ್ತದೆ, ‘ಕ್ಯಾನ್ಸರ್ ಇದೆ, ಸೋಮವಾರ ಬನ್ನಿ’ ಅಂದು ಹೊರಟೇಹೋದರು. ಇಂಥದ್ದನ್ನು ಹೇಳುವುದು ಹೇಗೆಂದು ನಿಮಗೆ ಯಾರೂ ಕಲಿಸುವುದಿಲ್ಲವೇ? ಅಪ್ಪನಿಗೆ ಇನ್ನೂ ತಿಳಿಸಿಲ್ಲ. ಮುಚ್ಚಿಡೋಣವೇ?

ಉತ್ತರ: ಓದಿ ನನಗೇ ನಾಚಿಕೆಯಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಏನು ಕಡಿಮೆ ಇರಲಿಲ್ಲ. ಒಬ್ಬರಿಗೆ ‘ಗಡ್ಡೆ ಇದೆ’ ಅಂದೆ. ಆಕೆ ಸುಮ್ಮನಾದರು. ಆ ಮೌನ ತಡೆಯಲಾರದೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಒಂದೇ ಉಸಿರಿಗೆ ಒದರಿದೆ. ಎಲ್ಲ ಮುಗಿದ ಮೇಲೆ ಆಕೆ ಕೇಳಿದರು: ‘ಡಾಕ್ಟ್ರೇ, ಗಡ್ಡೆ ಅಂದ್ರಲ್ಲ, ಅದು ಕ್ಯಾನ್ಸರ್ರಾ?’ ಆ ಒಂದು ಪದ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ್ದೆ!

ಕಲಿಸುವ ವಿಧಾನವೇನೋ ಇದೆ. 2000ದಲ್ಲಿ ಬೈಲ್, ಬಕ್‌ಮನ್ ಮತ್ತಿತರ ವೈದ್ಯರು ‘ಸ್ಪೈಕ್ಸ್’ ಅಂತ ಆರು ಹಂತಗಳನ್ನು ಬರೆದಿಟ್ಟರು. ಕೂತು ಮಾತಾಡಲು ಜಾಗ ನೋಡಿಕೊಳ್ಳುವುದೇ ಮೊದಲ ಹಂತ. ಸುದ್ದಿ ಬರುವುದು ನಾಲ್ಕನೆಯದರಲ್ಲಿ. ಅದಕ್ಕೆ ಮೊದಲು ಎರಡು ವಿಷಯ ಕೇಳಬೇಕು: ನಿಮಗೆ ಈವರೆಗೆ ಏನು ಗೊತ್ತಿದೆ? ಎಷ್ಟು ತಿಳಿಯಬೇಕು ಅನಿಸುತ್ತದೆ? ಹೇಳುವಾಗ ‘ರಿಪೋರ್ಟ್ ನಾವು ಅಂದುಕೊಂಡಷ್ಟು ಚೆನ್ನಾಗಿಲ್ಲ’ ಎಂದು ಮುನ್ಸೂಚನೆ ಕೊಟ್ಟು, ಆಮೇಲೆ ನೇರ ಪದ. ನಂತರ ಬಾಯಿ ಮುಚ್ಚಿಕೊಂಡು ಕೂರಬೇಕು. ನನಗೆ ಇವತ್ತಿಗೂ ಕಷ್ಟ ಅದೇ.

ಮುಚ್ಚಿಡುವ ವಿಚಾರ. ಅಮೆರಿಕದ ಡಾಕ್ಟರುಗಳನ್ನು 1961ರಲ್ಲಿ ಕೇಳಿದಾಗ ನೂರಕ್ಕೆ 90 ಜನ ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ವಾಸಿ ಅಂದಿದ್ದರು. 1979ರಲ್ಲಿ 97 ಜನ ಹೇಳುವುದೇ ಸರಿ ಅಂದರು. ಹಾಗಂತ ನೀವು ಹೋಗಿ ಅಪ್ಪನ ಮುಂದೆ ರಿಪೋರ್ಟ್ ಓದಬೇಕಿಲ್ಲ. ಕೇಳಿ ನೋಡಿ: ‘ಅಪ್ಪಾ, ರಿಪೋರ್ಟ್ ಬಂದಿದೆ. ಎಲ್ಲ ನಿಮಗೇ ಹೇಳಲಾ, ಇಲ್ಲ ನಾವು ನೋಡಿಕೊಳ್ಳೋದಾ?’ ‘ನೀವೇ ನೋಡ್ಕೊಳ್ಳಿ’ ಅಂದರೆ ಅದೂ ಅವರದೇ ತೀರ್ಮಾನ, ಅಲ್ವಾ? ಎಷ್ಟೋ ಸಲ ಅವರಿಗೆ ಆಗಲೇ ಅನುಮಾನ ಬಂದಿರುತ್ತದೆ. ಮನೆಯಲ್ಲಿ ಪಿಸುಮಾತು ಜಾಸ್ತಿಯಾದದ್ದು ಕಾಣುವುದಿಲ್ಲವೇ! ‘ಏನೂ ಆಗಲ್ಲ ಬಿಡಿ’ ಅಂತ ಮಾತ್ರ ಸುಮ್ನೆ ಹೇಳಬೇಡಿ. ಆಮೇಲೆ ಅವರು ಏನನ್ನೂ ಕೇಳುವುದಿಲ್ಲ.

ಸೋಮವಾರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರ ಬರೆದುಕೊಳ್ಳಲು ಇನ್ನೊಬ್ಬರು ಜೊತೆಗಿರಲಿ. ಕ್ಯಾನ್ಸರ್ ಎಂಬ ಪದ ಬಿದ್ದ ಮೇಲೆ ಮುಂದಿನದು ಕಿವಿಗೆ ಹೋಗುವುದೇ ಕಡಿಮೆ. ಡಾಕ್ಟರು ಮತ್ತೆ ನಿಂತೇ ಶುರು ಮಾಡಿದರೆ, ನೀವೇ ಕುರ್ಚಿ ಎಳೆದುಕೊಂಡು ಕೂತುಬಿಡಿ. ದಾಕ್ಷಿಣ್ಯಕ್ಕಾದರೂ ಅವರೂ ಕೂರುತ್ತಾರೆ. ಒಮ್ಮೆ ನನ್ನನ್ನು ಹಾಗೆ ಕೂರಿಸಿದ್ದು ಒಬ್ಬ ರೋಗಿಯ ಮಗಳು.