ಕುಡಿಯೋ ನೀರಿನ ಕೆರೆಗೆ ಗಾಳ ಹಾಕುವ ಮುನ್ನ

ಪ್ರಶ್ನೆ: ನಾವಿರೋದು ಸ್ಯಾನ್ ಡಿಯೆಗೋದ ಮೀರಾ ಮೇಸಾದಲ್ಲಿ. ಊರಿಂದ ಅಪ್ಪ ಅಮ್ಮ ನಾಲ್ಕು ತಿಂಗಳಿಗೆ ಬಂದಿದ್ದಾರೆ. ಅಪ್ಪ ತೀರ್ಥಹಳ್ಳಿಯವರು, ತುಂಗಾ ಹೊಳೆಗೆ ಗಾಳ ಹಾಕಿಯೇ ಬೆಳೆದವರು. ಇಲ್ಲಿ ಮನೆಯಲ್ಲಿ ಕೂತು ಕೂತು ಬೇಜಾರಾಗಿದೆ. ಮಿರಮಾರ್ ಲೇಕಿಗೆ ಕರ್ಕೊಂಡು ಹೋದರೆ ಲೈಸೆನ್ಸ್ ಬೇಕಾ? ವಿಸಿಟರ್ ವೀಸಾದವರಿಗೆ ಕೊಡ್ತಾರಾ? ನನ್ನ ಲೈಸೆನ್ಸಲ್ಲೇ ಅಪ್ಪ ಹಿಡಿದರೆ ನಡೆಯುತ್ತಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಡೆಯಲ್ಲ. ಕ್ಯಾಲಿಫೋರ್ನಿಯದ ಕೆರೆಗಳಲ್ಲಿ 16 ವರ್ಷ ತುಂಬಿದ ಯಾರೇ ಗಾಳ ಬೀಸಿದರೂ ಅವರ ಹೆಸರಲ್ಲೇ ಲೈಸೆನ್ಸ್ ಇರಬೇಕು. ಮೀನು ಸಿಗದಿದ್ದರೂ ಅಷ್ಟೇ, "ಸುಮ್ನೆ ಹಿಡ್ಕೊಂಡು ನಿಂತಿದ್ದೆ" ಅಂದರೂ ಅಷ್ಟೇ. ನಿಮ್ಮದು ಒಂದೇ ಲೈಸೆನ್ಸ್ ಇದ್ದರೆ ನೀರಲ್ಲಿ ಒಂದೇ ಕೋಲು. ನೀವೇ ಎರಡು ಕೋಲು ಹಾಕೋದಾದರೂ ಅದಕ್ಕೆ ಬೇರೆ ದುಡ್ಡು ಕಟ್ಟಬೇಕು.

ಅಪ್ಪನಿಗೆ ವರ್ಷದ ಲೈಸೆನ್ಸ್ ಮಾಡಿಸಲು ಹೋಗಬೇಡಿ. ಹೊರಗಿನವರಿಗೆ ಅದರ ರೇಟು ಜಾಸ್ತಿ. ಒಂದು ದಿನದ್ದು, ಎರಡು ದಿನದ್ದು ಅಂತ ಬೇರೆ ಇವೆ. ಅವನ್ನು ಇಲ್ಲಿಯವರೂ ತಗೋಬಹುದು, ಹೊರಗಿನವರೂ ತಗೋಬಹುದು. ಒಂದು ದಿನದ್ದು ಸುಮಾರು 20 ಡಾಲರ್. ವೀಸಾ ಯಾವುದು ಅನ್ನೋದಕ್ಕೂ ಇದಕ್ಕೂ ಸಂಬಂಧವಿಲ್ಲ. ವರ್ಷಕ್ಕೆ ಎರಡು ದಿನ ರಾಜ್ಯದ ಲೈಸೆನ್ಸೇ ಬೇಡ. ಸಾಮಾನ್ಯವಾಗಿ ಜುಲೈ 4ರ ಆಸುಪಾಸಿನ ಒಂದು ಶನಿವಾರ, ಸೆಪ್ಟೆಂಬರಿನ ಮೊದಲ ಸೋಮವಾರ ಬರುವ ಲೇಬರ್ ಡೇ ರಜೆಯ ಹತ್ತಿರದ ಇನ್ನೊಂದು ಶನಿವಾರ. ಅಪ್ಪ ಇರುವಾಗಲೇ ಅಂಥ ದಿನ ಬಂದರೆ ಬಿಡಬೇಡಿ.

ಜನ ಎಡವೋದು ಇನ್ನೊಂದು ಕಡೆ. ರಾಜ್ಯದ ಲೈಸೆನ್ಸ್ ಒಂದೇ ಸಾಲದು. ಈ ಕೆರೆಗಳು ನಗರಪಾಲಿಕೆಯವು, ಹಾಗಾಗಿ ನಗರದ ದಿನದ ಪರ್ಮಿಟ್ ಕೂಡ ಬೇಕು. ನಾನು ಮೊದಲ ಸಲ ಹೋದಾಗ ರಾಜ್ಯದ ಚೀಟಿ ಜೇಬಲ್ಲಿಟ್ಟುಕೊಂಡು ದೊಡ್ಡ ಧೈರ್ಯದಲ್ಲಿದ್ದೆ. ಕಾವಲಿನವರು "ಇನ್ನೊಂದು ಎಲ್ಲಿ?" ಅಂದಾಗ ಗಾಳ ಸುತ್ತಿಕೊಂಡು ವಾಪಸ್ ಬಂದೆ. ತಪ್ಪು ನನ್ನದೇ, ಬೋರ್ಡು ಓದಿರಲಿಲ್ಲ.

ಎರಡೆರಡು ಚೀಟಿ ಯಾಕೆ ಅಂತೀರಾ? ಮೀನು ರಾಜ್ಯದ ಲೆಕ್ಕ, ನೀರು ನಗರದ ಲೆಕ್ಕ. ಹೆಸರಿಗೆ ಇವು ಲೇಕ್. ನಿಜಕ್ಕೂ ನಮ್ಮ ಊರಿನ ಕೆರೆಗಳ ಥರವೇ, ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದು. ಮಿರಮಾರ್, ಮರ್ರೇ, ಹಾಜಸ್, ಎಲ್ ಕ್ಯಾಪಿಟನ್, ಸ್ಯಾನ್ ವಿಸೆಂಟೆ, ಮೇಲಿನ ಓಟೈ, ಕೆಳಗಿನ ಓಟೈ, ಬ್ಯಾರೆಟ್, ಸದರ್‌ಲ್ಯಾಂಡ್ – ಈ ಒಂಬತ್ತನ್ನೂ ನೋಡಿಕೊಳ್ಳೋದು ಪಾರ್ಕ್ ಇಲಾಖೆ ಅಲ್ಲ, ನೀರು ಪೂರೈಸುವ ಇಲಾಖೆ. ನಿಮ್ಮ ಮನೆ ನಲ್ಲಿಯ ನೀರು ಅಂತ ನೆನಪಿಟ್ಟುಕೊಂಡರೆ ಇಲ್ಲಿನ ಮುಕ್ಕಾಲು ಪಾಲು ನಿಯಮ ಯಾರೂ ಹೇಳಿಕೊಡದೆಯೇ ಅರ್ಥವಾಗುತ್ತೆ. ಮಿರಮಾರಲ್ಲಿ ಈಜುವ ಹಾಗಿಲ್ಲ, ಕಾಲು ಇಳಿಬಿಟ್ಟು ಕೂರುವ ಹಾಗೂ ಇಲ್ಲ. ಅಪ್ಪ ಹೊಳೆಯಲ್ಲಿ ಮಂಡಿಯುದ್ದ ಇಳಿದು ಗಾಳ ಹಾಕಿ ರೂಢಿಯಾದವರು, ಅಲ್ವಾ? ಮನೆಯಲ್ಲೇ ಹೇಳಿ ಕರ್ಕೊಂಡು ಹೋಗಿ. ಎಲ್ಲರ ಮುಂದೆ ಮಗ ತಡೆದರೆ ಹಿರಿಯರಿಗೆ ಬೇಸರವಾಗುತ್ತೆ.

ಯಾವ ಕಾಲ ಒಳ್ಳೆಯದು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಚಳಿಗಾಲ. ಆಗ ಮರ್ರೇಯಂಥ ಕೆರೆಗಳಿಗೆ ರೇನ್‌ಬೋ ಟ್ರೌಟ್ ಅನ್ನೋ ಮೀನು ತಂದು ಬಿಡುತ್ತಾರೆ. ದಡದಲ್ಲಿ ಕುರ್ಚಿ ಹಾಕಿ ಕೂತು ಎರೆಹುಳ ಸಿಕ್ಕಿಸಿದರೂ ಕಚ್ಚುತ್ತವೆ. ಬಾಸ್ ಅನ್ನೋ ಇನ್ನೊಂದು ಮೀನು ಹಿಡಿಯೋದು ಬೇರೆಯೇ ವಿದ್ಯೆ. ಫ್ಲೋರಿಡಾ ತಳಿಯ ಬಾಸನ್ನು 1959ರಲ್ಲಿ ಮೇಲಿನ ಓಟೈಗೆ ತಂದು ಬಿಟ್ಟರು. ಅಲ್ಲಿಂದ ಇವು ಸುತ್ತಲಿನ ಕೆರೆಗಳಿಗೂ ಹರಡಿ ಹಂದಿಮರಿಯಂತೆ ಬೆಳೆದವು. ಅದರ ಹಿಂದೆ ಹೋದವರು ಬೆಳಗಿನ ಜಾವ ಮನೆ ಬಿಟ್ಟು ಹೆಂಡತಿ ಹತ್ತಿರ ಬೈಸಿಕೊಳ್ಳುತ್ತಾರೆ. ಅನುಭವದ ಮಾತು. ಅಂದಹಾಗೆ, ಮೇಲಿನ ಓಟೈಯಲ್ಲಿ ಹಿಡಿದ ಮೀನನ್ನು ವಾಪಸ್ ಬಿಡಲೇಬೇಕು. ಎರೆಹುಳವೂ ನಡೆಯಲ್ಲ.

ಕೆಳಗಿನ ಓಟೈಗೆ ಹೋದರೆ ಅಪ್ಪನಿಗೆ ಈ ಕಥೆ ಹೇಳಿ. ಬರ ಬಂದಾಗ ನಮ್ಮಲ್ಲಿ ಕಪ್ಪೆ ಮದುವೆ ಮಾಡಿಸುತ್ತಾರಲ್ಲ, ಇಲ್ಲಿಯವರು 1915ರ ಕೊನೆಯಲ್ಲಿ ಚಾರ್ಲ್ಸ್ ಹ್ಯಾಟ್‌ಫೀಲ್ಡ್ ಅನ್ನೋ ಮಳೆ ತರಿಸುವವನನ್ನು ಕರೆಸಿದ್ದರು. ಮೊರೀನಾ ಜಲಾಶಯ ತುಂಬಿಸಿದರೆ 10,000 ಡಾಲರ್ ಅಂತ ಮಾತು. 1916ರ ಜನವರಿಯಲ್ಲಿ ಹುಯ್ದ ಮಳೆಗೆ ಕೆಳಗಿನ ಓಟೈಯ ಕಟ್ಟೆಯೇ ಒಡೆದು ಜನ ಕೊಚ್ಚಿಹೋದರು. ನಗರದವರು ಅವನಿಗೆ ದುಡ್ಡು ಕೊಡಲಿಲ್ಲ. ಈಗಿರೋ ಅಣೆಕಟ್ಟು 1919ರದ್ದು.

ಪ್ರಶ್ನೆ: ಗೆಳೆಯರ ಜೊತೆ ಸೇರಿ ಒಂದು ಹಳೇ ಮೋಟರ್ ದೋಣಿ ತಗೊಂಡಿದ್ದೀವಿ. ಹೋದ ವಾರ ಕೊಲೊರಾಡೊ ನದಿಯ ಲೇಕ್ ಹವಾಸುನಲ್ಲಿ ಓಡಿಸಿ ಬಂದೆವು. ಈ ಶನಿವಾರ ಸ್ಯಾನ್ ವಿಸೆಂಟೆಗೆ ಇಳಿಸೋಣ ಅಂತ. ದೋಣಿ ಒದ್ದೆ ಇದ್ದರೆ ವಾಪಸ್ ಕಳಿಸ್ತಾರೆ ಅಂತ ಒಬ್ಬರು ಹೆದರಿಸಿದರು. ನೀರಿಗೆ ಹೋಗೋ ದೋಣಿ ಒದ್ದೆ ಇದ್ದರೇನು?

ಉತ್ತರ: ಹೆದರಿಸಿದ್ದಲ್ಲ, ಉಪಕಾರ ಮಾಡಿದ್ದು. ಕ್ವಾಗಾ ಮಸಲ್ ಅಂತ ಒಂದು ಚಿಪ್ಪಿನ ಜೀವಿ ಇದೆ. ಮಂಗಳೂರಿನವರು ತಿನ್ನುವ ಪಚ್ಚಿಲೆಯ ದೂರದ ನೆಂಟ ಅನ್ನಿ, ಆದರೆ ಉಗುರಿನಷ್ಟೇ ದೊಡ್ಡದು, ತಿನ್ನಲು ಬರಲ್ಲ. 2007ರ ಜನವರಿಯಲ್ಲಿ ಕೊಲೊರಾಡೊ ನದಿಯ ಲೇಕ್ ಮೀಡ್‌ನಲ್ಲಿ ಸಿಕ್ಕಿತು. ಸ್ಯಾನ್ ಡಿಯೆಗೋಗೆ ಅದೇ ನದಿಯ ನೀರು ಬರುತ್ತೆ. ಅದೇ ವರ್ಷ ಇಲ್ಲಿನ ಜಲಾಶಯಗಳಲ್ಲೂ ಕಂಡಿತು. ಪೈಪು, ಜಾಲರಿ, ಗೇಟು, ಎಲ್ಲಕ್ಕೂ ಅಂಟಿಕೊಂಡು ಪದರ ಪದರವಾಗಿ ಬೆಳೆಯುತ್ತೆ. ಕೆರೆದು ತೆಗೆಯೋ ಖರ್ಚು ಕೊನೆಗೆ ನೀರಿನ ಬಿಲ್ಲಿಗೇ ಬರೋದು.

ಇದರ ಮರಿ ಕಣ್ಣಿಗೆ ಕಾಣಲ್ಲ. ದೋಣಿಯ ತಳದಲ್ಲಿ ನಿಂತ ಒಂದು ಲೋಟ ನೀರು ಸಾಕು. ಅದಕ್ಕೇ ದೋಣಿ ತೊಳೆದು, ಬಿರಟೆ ತೆಗೆದು ನೀರು ಪೂರ್ತಿ ಬಸಿದು, ಬಿಸಿಲಿಗೆ ಒಣಗಿಸಿ ತನ್ನಿ ಅನ್ನೋದು. ಲಂಗರಿನ ಹಗ್ಗ, ಮೀನು ಹಾಕುವ ತೊಟ್ಟಿ, ಮೋಟರಿನ ಒಳಗಿನ ನೀರು, ಇವನ್ನು ಮರೆಯೋದೇ ಜಾಸ್ತಿ. "ಇಲ್ಲಿನ ಕೆರೆಗಳಿಗೆ ಕ್ವಾಗಾ ಹೇಗೂ ಬಂದಾಗಿದೆಯಲ್ಲ, ಇನ್ನೇನು?" ಅಂತ ಕೆಲವರು ವಾದ ಮಾಡುತ್ತಾರೆ. 2024ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ್ದೇ ಸ್ಟಾಕ್‌ಟನ್ ಬಂದರಿನ ಹತ್ತಿರ ಗೋಲ್ಡನ್ ಮಸಲ್ ಅನ್ನೋ ಇನ್ನೊಂದು ಜಾತಿ ಸಿಕ್ಕಿದೆ, ಉತ್ತರ ಅಮೆರಿಕದಲ್ಲೇ ಮೊದಲ ಸಲ. ಒಂದು ಬಂದಿದೆ ಅಂತ ಇನ್ನೊಂದಕ್ಕೂ ದಾರಿ ಬಿಡಬೇಕಾ? ಆ ವಾದ ಅಲ್ಲಿಗೆ ಮುಗಿಯಿತು. ಈ ಶನಿವಾರ ಬಿಡಿ. ದೋಣಿ ಒಣಗಲಿ. ಹೊರಡುವ ಮುಂಚೆ ದಿನ, ಸಮಯ, ತಪಾಸಣೆ ಏನಿದೆ ಅಂತ ನಗರದ ವೆಬ್‌ಸೈಟ್ ನೋಡಿ. ಎಲ್ಲ ಕೆರೆಯೂ ಎಲ್ಲ ದಿನ ತೆರೆದಿರಲ್ಲ.

ಇನ್ನೆರಡು ಮಾತು. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯದಲ್ಲಿ ಮೋಟರ್ ದೋಣಿ ಓಡಿಸುವವರಿಗೆ ಬೋಟರ್ ಕಾರ್ಡ್ (ದೋಣಿ ಸುರಕ್ಷತೆಯ ಪರೀಕ್ಷೆ ಪಾಸಾದವರಿಗೆ ಕೊಡುವ ಕಾರ್ಡು) ಬೇಕು, ವಯಸ್ಸು ಎಷ್ಟೇ ಇರಲಿ. ಒಂದೇ ದೋಣಿ, ನಾಲ್ಕು ಜನ ಗೆಳೆಯರು ಅಂದರೆ ಸ್ಟೇರಿಂಗ್ ಯಾರ ಕೈಯಲ್ಲಿ ಅಂತ ಮೊದಲೇ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ತಲೆಗೊಂದು ಇರಲೇಬೇಕು. 13 ತುಂಬದ ಮಕ್ಕಳು ದೋಣಿ ಓಡುವಾಗ ಅದನ್ನು ಹಾಕಿಕೊಂಡೇ ಇರಬೇಕು. ದೊಡ್ಡವರಿಗೆ ಕಾನೂನು ಅಷ್ಟು ಬಿಗಿ ಇಲ್ಲ. ಆದರೆ ಅಣೆಕಟ್ಟಿನ ನೀರು ದಡದಿಂದ ನಾಲ್ಕು ಹೆಜ್ಜೆಗೇ ಧುಮುಕಿದಂತೆ ಆಳವಾಗುತ್ತೆ. ಸ್ಯಾನ್ ವಿಸೆಂಟೆಯ ಕಟ್ಟೆಯನ್ನು 2014ರಲ್ಲಿ 117 ಅಡಿ ಎತ್ತರಿಸಿದ್ದಾರೆ. ಜಾಕೆಟ್ ಹಾಕಿಕೊಳ್ಳಿ.

ಪ್ರಶ್ನೆ: ಹಿಡಿದ ಮೀನು ತಿನ್ನಬಹುದಾ? ಕುಡಿಯೋ ನೀರಿನದೇ ಅಂದಮೇಲೆ ಶುದ್ಧ ಅಲ್ವಾ?

ಉತ್ತರ: ನೀರು ಸೋಸಿ ನಿಮ್ಮ ಮನೆಗೆ ಬರುತ್ತೆ, ಮೀನು ಸೋಸಿ ಬರಲ್ಲ. ಬಾಸ್ ಬೇರೆ ಮೀನು ತಿಂದು ಬದುಕುವ ಮೀನು, ಅದರ ಮೈಯಲ್ಲಿ ಪಾದರಸ ಸೇರಿಕೊಳ್ಳುತ್ತಾ ಹೋಗುತ್ತೆ. ದೊಡ್ಡದಾದಷ್ಟೂ ಜಾಸ್ತಿ. ಯಾವ ಕೆರೆಯ ಯಾವ ಮೀನನ್ನು ವಾರಕ್ಕೆ ಎಷ್ಟು ತಿನ್ನಬಹುದು ಅಂತ ರಾಜ್ಯ ಸರ್ಕಾರ ಪಟ್ಟಿ ಕೊಟ್ಟಿದೆ. 18ರಿಂದ 49 ವರ್ಷದ ಹೆಂಗಸರಿಗೆ ಮತ್ತು ಮಕ್ಕಳಿಗೆ ಬೇರೆ ಲೆಕ್ಕ, ಅದನ್ನು ನೋಡಿಯೇ ಅಡುಗೆ ಮಾಡಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಬಾಸನ್ನು ಫೋಟೋ ತೆಗೆದು ನೀರಿಗೇ ಬಿಡಿ ಅನ್ನೋದು ನನ್ನ ಮಾತು.

ಟ್ರೌಟ್ ಬೇರೆ. ಅದು ಸಾಕಣೆ ಕೇಂದ್ರದಿಂದ ಬಂದ ಎಳೆಯ ಮೀನು, ಪಾದರಸ ಕಡಿಮೆ. ಮೆತ್ತಗಿರುತ್ತೆ, ಸಾರಿಗೆ ಹಾಕಿ ಕುದಿಸಿದರೆ ಕರಗಿ ಮುಳ್ಳು ಮಾತ್ರ ಉಳಿಯುತ್ತೆ. ಉಪ್ಪು, ಖಾರ, ಹುಣಸೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿಯಿರಿ. ಹುಣಸೆಹಣ್ಣು ನೆನೆಹಾಕೋದು ಮಾತ್ರ ಮೀನು ಕೈಗೆ ಬಂದ ಮೇಲೆ.