2ನೇ ಪಿಕ್ ಬಿಟ್ಕೊಡ್ಲಾ?

ಪ್ರಶ್ನೆ: ಸರ್, ನಮ್ಮೂರು ಹಾಸನ, ಈಗಿರೋದು ಡಲ್ಲಾಸ್‌ನಲ್ಲಿ. ಆಫೀಸಲ್ಲಿ 12 ಜನ ಸೇರ್ಕೊಂಡು ಫ್ಯಾಂಟಸಿ ಫುಟ್‌ಬಾಲ್ ಆಡ್ತೀವಿ, ಕಾಲಲ್ಲಿ ಒದೆಯೋ ಆಟ ಅಲ್ಲ, ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ದು. ಅಲ್ಲಿನ ಆಟಗಾರರನ್ನ ಆರಿಸ್ಕೊಂಡು ಟೀಮ್ ಕಟ್ಕೋತೀವಿ, ಅವರು ಆಡಿದ ಹಂಗೆ ನಮಗೆ ಪಾಯಿಂಟು. ಈ ಸಲ ಆಟಗಾರರನ್ನ ಆರಿಸೋ ಸರದಿಗೆ (ಅದಕ್ಕೇ ಪಿಕ್ ಅನ್ನೋದು) ಚೀಟಿ ಎತ್ತಿದಾಗ ನಂಗೆ 2ನೇ ನಂಬರ್ ಬಂತು. 11ನೇ ನಂಬರಿನವನು "ನಿನ್ನ ಮೊದಲ್ನೇ ಮತ್ತೆ ನಾಲ್ಕನೇ ಸುತ್ತಿನ ಪಿಕ್ ಕೊಡು, ನನ್ನ ಮೊದಲ್ನೇದು ಎರಡನೇದು ತಗೋ" ಅಂತ ಒಂದು ವಾರದಿಂದ ತಲೆ ತಿಂತಿದಾನೆ. ನನ್ನ ಹೆಂಡ್ತಿ "ಬಂದಿರೋ ಅದೃಷ್ಟ ಬಿಡ್ಬೇಡಿ" ಅಂತಾಳೆ. ಏನ್ಮಾಡ್ಲಿ?
- ಹೆಸರು ಬೇಡ, ಡಲ್ಲಾಸ್

ಉತ್ತರ: ಮೊದ್ಲು ಒಂದು ಹಾಳೆ ತಗೊಂಡು ನಂಬರ್ ಬರ್ಕೊಳ್ಳಿ. ಇದು ಐಪಿಎಲ್ ಹರಾಜಿನ ತರ ಅಲ್ಲ, ನಿಮ್ಮದು ಸ್ನೇಕ್ ಡ್ರಾಫ್ಟೇ ಇರ್ಬೇಕು, ಅಂದ್ರೆ ಒಂದು ಸುತ್ತು 1ರಿಂದ 12ಕ್ಕೆ ಹೋದ್ರೆ ಮುಂದಿನ ಸುತ್ತು 12ರಿಂದ ವಾಪಸ್ ಬರುತ್ತೆ, ಹಂಗಾಗಿ ಈಗ ಮೊದಲ ನಾಲ್ಕು ಸುತ್ತಿಗೆ ನಿಮ್ಮ ಕೈಲಿರೋದು 2, 23, 26, 47. ಅವನದು 11, 14, 35, 38. ಅದಲು ಬದಲು ಮಾಡಿದ್ರೆ ನಿಮಗೆ 11, 14, 23, 26 ಸಿಗುತ್ತೆ! ಮೊದಲ 26 ಜನರಲ್ಲಿ ನಾಲ್ವರು ನಿಮ್ಮೋರೇ. ಅವನಿಗೆ ಒಬ್ಬ ಸ್ಟಾರು, ಆಮೇಲೆ 35ರವರೆಗೂ ಬಾಯಿ ಬಿಟ್ಕೊಂಡು ಕೂತಿರ್ಬೇಕು.

ನಿಮ್ಮ ಮನೆಯವ್ರ ಮಾತಲ್ಲೂ ಅರ್ಥ ಇಲ್ದೇ ಇಲ್ಲ, 2ನೇ ಪಿಕ್‌ಗೆ ಸಿಗೋ ಆಟಗಾರ 11ನೇವನಿಗಿಂತ ಚೆನ್ನಾಗೇ ಇರ್ತಾನೆ. ಆದ್ರೆ ಗ್ಯಾರಂಟಿ ಎಲ್ಲಿದೆ ಹೇಳಿ. 2023ರಲ್ಲಿ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಅನ್ನೋ ಸ್ಟಾರ್ ಆಟಗಾರ 21 ಟಚ್‌ಡೌನ್ (ಚೆಂಡನ್ನ ಎದುರಾಳಿ ಗಡಿ ದಾಟ್ಸೋದು, ನಮ್ಮ ಗೋಲ್ ಇದ್ದಂಗೆ) ಹೊಡೆದ, ಮುಂದಿನ ವರ್ಷ ಎಷ್ಟೋ ಲೀಗ್‌ಗಳಲ್ಲಿ ಕಣ್ಮುಚ್ಕೊಂಡು ಅವನನ್ನೇ ಮೊದಲು ಎತ್ತಿದ್ರು, ಅವನು ಗಾಯ ಮಾಡ್ಕೊಂಡು ಇಡೀ ಸೀಸನ್‌ಗೆ ಆಡಿದ್ದು 4 ಮ್ಯಾಚು. ಅದೇ 2023ರಲ್ಲಿ ಪೂಕಾ ನಕುವಾ ಅನ್ನೋ ಹೊಸ ಹುಡುಗನ್ನ ಫ್ಯಾಂಟಸಿಯಲ್ಲಿ ಕೇಳೋರೇ ಕಮ್ಮಿ, ಅವನು ಪಾಸ್ ಹಿಡಿದೇ 1486 ಯಾರ್ಡ್ ಗಳಿಸಿ ರೂಕಿ (ಮೊದಲ ಸೀಸನ್ ಆಡೋರ) ರೆಕಾರ್ಡ್ ಮಾಡ್ಬಿಟ್ಟ.

ನಿಜವಾದ ಎನ್‌ಎಫ್‌ಎಲ್ ಟೀಮಿನೋರೇ ಹೊಸ ಆಟಗಾರರನ್ನ ಆರಿಸೋ ಅವರ ಡ್ರಾಫ್ಟಲ್ಲಿ ಹಿಂಗೇ ಮುಗ್ಗರಿಸಿದಾರೆ ಬಿಡಿ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 12ರಿಂದ 3ಕ್ಕೆ ಹತ್ತೋಕೆ ಮೂರು ವರ್ಷದ ಮೊದಲ ಸುತ್ತಿನ ಪಿಕ್‌ಗಳನ್ನ ಸುರಿದು ಟ್ರೇ ಲ್ಯಾನ್ಸ್ ಅನ್ನೋ ಕ್ವಾರ್ಟರ್‌ಬ್ಯಾಕ್‌ನ (ಚೆಂಡು ಎಸೆದು ಆಟ ನಡೆಸೋನು) ತಂತು. ಮರು ವರ್ಷ 262ನೇ ನಂಬರಲ್ಲಿ, ಅಂದ್ರೆ ಡ್ರಾಫ್ಟ್‌ನ ಕಟ್ಟಕಡೆಗೆ, ಸಿಕ್ಕಿದ ಬ್ರಾಕ್ ಪರ್ಡಿನೇ ಅವರ ಕ್ವಾರ್ಟರ್‌ಬ್ಯಾಕ್ ಆಗಿ ಕೂತ. ಲ್ಯಾನ್ಸ್‌ನ 2023ರಲ್ಲಿ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ ಕೊಟ್ಟು ಕಳ್ಸಿದ್ರು, ಯಾರಿಗೆ ಅಂದ್ರೆ ನಿಮ್ಮ ಡಲ್ಲಾಸ್‌ಗೇ.

ಹಂಗಾಗಿ ನಾನಾಗಿದ್ರೆ ಕೊಡ್ತಿದ್ದೆ. ನಿಮ್ಮದು 8 ಜನರ ಸಣ್ಣ ಲೀಗ್ ಆಗಿದ್ರೆ ಬೇರೆ ಮಾತು, ಅಲ್ಲಿ ಎಲ್ಲರ ಹತ್ರನೂ ಒಳ್ಳೆ ಆಟಗಾರರು ತುಂಬಿರ್ತಾರೆ, ಒಬ್ಬ ದೊಡ್ಡ ಸ್ಟಾರೇ ಗೆಲ್ಸೋದು, ಆಗ ಬೇಡ ಅಂತಿದ್ದೆ. 12 ಜನ ಇದ್ರೆ ಹಂಗಲ್ಲ, ಮಧ್ಯದ ಸುತ್ತಿಗೆ ಬರೋಷ್ಟೊತ್ತಿಗೆ ಒಳ್ಳೆ ರನ್ನಿಂಗ್ ಬ್ಯಾಕ್‌ಗಳು (ಚೆಂಡು ಹಿಡ್ಕೊಂಡು ಓಡೋರು) ಖಾಲಿ. ವಾರ ವಾರ ಅಂಥ ಇಬ್ರನ್ನ ಇಳಿಸ್ಲೇಬೇಕು, ಅದ್ರಲ್ಲಿ ಒಬ್ಬನಿಗೆ ಬೈ ವೀಕ್ (ಅವನ ಟೀಮಿಗೆ ಮ್ಯಾಚ್ ಇಲ್ಲದ ವಾರ) ಬಂದ್ರೆ ಬೆಂಚಲ್ಲಿ ಯಾರಿದಾರೆ ಅಂತ ಹುಡುಕಾಡ್ಬೇಕಾಗುತ್ತೆ.

ಒಂದು ವಿಷ್ಯ, ಪಿಕ್ ಬದಲಾಯಿಸೋಕೆ ನಿಮ್ಮ ಲೀಗಲ್ಲಿ ಅವಕಾಶ ಇದ್ಯಾ ಅಂತ ಲೀಗ್ ನಡೆಸೋ ಕಮಿಷನರ್ ಹತ್ರ ಕೇಳ್ಕೊಂಡು ಗ್ರೂಪಲ್ಲೇ ಬರೆದು ಹಾಕ್ಬಿಡಿ, ಇಲ್ಲಾಂದ್ರೆ ಇಬ್ರೂ ಒಳಗೊಳಗೇ ಸೇರ್ಕೊಂಡ್ರು ಅಂತ ಉಳಿದ ಹತ್ತು ಜನ ಗಲಾಟೆ ಎಬ್ಬಿಸ್ತಾರೆ. ಮತ್ತೆ ತಕ್ಷಣ ಹೂಂ ಅನ್ಬೇಡಿ. ನಾಲ್ಕನೇದು ಕೊಡಲ್ಲ, ಆರನೇ ಸುತ್ತಿಂದು ತಗೋ ಅಂತ ಒಂದ್ಸಲ ಎಳೆದು ನೋಡಿ, ವಾರದಿಂದ ಹಿಂದೆ ಬಿದ್ದಿರೋನು, ಒಪ್ಪಿದ್ರೂ ಒಪ್ಪಿದ.