ಅಡುಗೆ ಉಳಿದರೆ ಸಾಕಾ, ಮನೆಮಾತೂ ಬೇಕಾ?

ನೀವು ಕೇಳಿರುವುದು ಇಷ್ಟು: ಇರುವುದು ಬೆಂಗಳೂರಿನಲ್ಲಿ, ಮನೆ ಅಡುಗೆಯೆಲ್ಲ ಕೊಡಗಿನದೇ, ಮಕ್ಕಳಿಗೆ ಮಾತ್ರ ಮನೆಮಾತು ಬರುವುದಿಲ್ಲ. ಅಡುಗೆ ಉಳಿದರೆ ಸಂಸ್ಕೃತಿ ಉಳಿದ ಹಾಗೆ ಅಲ್ವಾ?

ನಾನು ಮಡಿಕೇರಿ ಕಡೆಯವಳು. ನಮ್ಮ ಮನೆಯಲ್ಲಿ ಇಲ್ಲಿನ ಗೌಡರ ಮಾತಾದ ಅರೆಭಾಷೆ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಅಂದರೆ ಕೊಡವರ ಭಾಷೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ತಮಿಳು, ಮಲಯಾಳಂ. ಪೇಟೆಗೆ ಹೋದರೆ ತುಳು, ಬ್ಯಾರಿ ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟೆಲ್ಲ ಮಾತುಗಳ ನಡುವೆ ಬೆಳೆದವಳಾಗಿ ಹೇಳುತ್ತೇನೆ, ಅಡುಗೆ ಒಂದೇ ಭಾಷೆಯವರ ಸ್ವತ್ತಲ್ಲ. ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ ನಮ್ಮ ಮನೆಯಲ್ಲೂ ಆಗುತ್ತವೆ, ಕೊಡವರ ಮನೆಯಲ್ಲೂ ಆಗುತ್ತವೆ. ಆಟಿ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ ಬರುವ ದಿನವನ್ನು ನಾವು ಆಟಿ ಹದಿನೆಂಟು ಅನ್ನುತ್ತೇವೆ, ಅವರು ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ. ಎರಡೂ ಮನೆಯವರು ತೋಟದ ಅಂಚಿನಿಂದ ಕೊಯ್ದು ತರುವುದು ಅದೇ ಮದ್ದು ಸೊಪ್ಪನ್ನು. ನಮ್ಮ ಊಟವನ್ನು ಇಲ್ಲಿನ ಮಳೆ, ಗದ್ದೆ, ಕಾಡು ಕೊಟ್ಟಿವೆ. ಹಾಗಾಗಿ ಭಾಷೆ ಹೋದ ತಕ್ಷಣ ಅಡುಗೆಯೂ ಹೋಗಿಬಿಡುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮಾತು ನಿಜ.

ಆದರೆ ಮದ್ದು ಸೊಪ್ಪನ್ನೇ ನೋಡಿ. ದಂಟಿನ ಸಮೇತ ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ. ಸೋಸಿ, ಅದೇ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿದರೆ ಪಾಯಸ. ಇಷ್ಟನ್ನು ಯೂಟ್ಯೂಬ್ ನೋಡಿಯೂ ಮಾಡಬಹುದು. ಸೊಪ್ಪು ಬಿಡಿಸುತ್ತಾ ಕೂತಾಗ ಹಿರಿಯರು ಹೇಳುವುದೇ ಬೇರೆ. ಆ ದಿನಕ್ಕೆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ, ಅದಕ್ಕೇ ಈ ಪರಿಮಳ ಅನ್ನುತ್ತಾರೆ. ನಾಳೆ ಮೂತ್ರ ಕೆಂಪಾದರೆ ಹೆದರಬೇಡ ಅಂತ ಮಕ್ಕಳಿಗೆ ಮೊದಲೇ ಹೇಳಿಡುತ್ತಾರೆ. ಆಟಿಯೆಂದರೆ ನಾಟಿ ಕೆಲಸದ ಕಾಲ. ದಿನವಿಡೀ ಮಳೆಯಲ್ಲಿ, ಕೆಸರಿನಲ್ಲಿ ನಿಂತವರ ಮೈಗೆ ಇದು ಬೇಕಿತ್ತು ಅನ್ನುತ್ತಾ ತಮ್ಮ ಕಾಲದ ನಾಟಿಯ ಕಥೆ ತೆಗೆಯುತ್ತಾರೆ. ಇದೆಲ್ಲ ಬರುವುದು ಮನೆಮಾತಿನಲ್ಲಿ. ಅದು ಬಾರದ ಮಗುವಿಗೆ ಸಿಗುವುದು ನೇರಳೆ ಬಣ್ಣದ ಸಿಹಿ ಮಾತ್ರ.

ಕಳಲೆಯೂ (ಎಳೆ ಬಿದಿರು) ಹಾಗೆಯೇ. ಹೆಚ್ಚಿದ ಕಳಲೆಯನ್ನು ನೀರು ಬದಲಾಯಿಸುತ್ತಾ ನೆನೆಸಿಡಬೇಕು. ಕೆಸುವಿನ ಎಲೆಗೆ ಹುಳಿ ಬೀಳಲೇಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಅಣಬೆಯ ವಿಷಯವಂತೂ ಪ್ರಾಣದ ಪ್ರಶ್ನೆ. ಯಾವುದು ತಿನ್ನುವಂಥದ್ದು, ಯಾವುದು ಅಲ್ಲ ಅನ್ನುವುದನ್ನು ತಿಳಿದವರ ಹಿಂದೆ ಸುತ್ತಿಯೇ ಕಲಿಯಬೇಕು. ಹಾಗೆ ಸುತ್ತುವಾಗ ಅವರು ಪಾಠ ಮಾಡುವುದಿಲ್ಲ, ತಮ್ಮ ಪಾಡಿಗೆ ಮಾತಾಡುತ್ತಾ ಹೋಗುತ್ತಾರೆ.

ಇನ್ನೊಂದು ಸಂಗತಿ ನನ್ನನ್ನು ನಿಜವಾಗಿ ಕಾಡುತ್ತದೆ. 2011ರ ಜನಗಣತಿಯಲ್ಲಿ ಕೊಡವ ತಮ್ಮ ಮಾತೃಭಾಷೆ ಅಂತ ಬರೆಸಿದವರು ಸುಮಾರು 1.14 ಲಕ್ಷ ಜನ. ಅಳಿವಿನ ಅಂಚಿನ ಭಾಷೆಗಳ ಯುನೆಸ್ಕೋ ಪಟ್ಟಿಯಲ್ಲೂ ಆ ಭಾಷೆಯ ಹೆಸರಿದೆ. ಪಂದಿಕರಿಗೆ ಅಂಥ ಭಯವಿಲ್ಲ. ಹೋಮ್‌ಸ್ಟೇ, ರೆಸಾರ್ಟ್, ಬೆಂಗಳೂರಿನ ಹೋಟೆಲು ಎಲ್ಲ ಕಡೆ ಸಿಗುತ್ತದೆ. ಅದಕ್ಕೆ ಹಾಕುವ ಹುಳಿ, ಕಾಚಂಪುಳಿಯ ಬಾಟಲಿ ಆನ್‌ಲೈನ್‌ನಲ್ಲೇ ಬರುತ್ತದೆ. ಮಳೆಗಾಲದಲ್ಲಿ ಹಣ್ಣು ಹೆಕ್ಕಿ ತಂದು, ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕಿದ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿದ್ದು ಅದು ಅಂತ ಬಾಟಲಿ ನೋಡಿದ ಮಗುವಿಗೆ ಹೇಗೆ ಗೊತ್ತಾಗಬೇಕು? ಅಡುಗೆಗೆ ಗಿರಾಕಿಗಳಿದ್ದಾರೆ, ಭಾಷೆಗೆ ಇಲ್ಲ. ಮಡಿಕೇರಿಯಲ್ಲಿ ಕೊಡವಕ್ಕೂ ಅರೆಭಾಷೆಗೂ ಅಕಾಡೆಮಿಗಳಿವೆ, ಒಳ್ಳೆಯ ಕೆಲಸವೂ ಆಗುತ್ತಿದೆ. ಆದರೆ ಅಡುಗೆಮನೆಯಲ್ಲಿ ಮಾತಾಡಬೇಕಾದವರು ನಾವೇ.

ಗದ್ದೆಗಳೂ ಕಡಿಮೆಯಾಗುತ್ತಿವೆ. ಎಷ್ಟೋ ಕಡೆ ಪಾಳು ಬಿದ್ದಿವೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹೊಸ ಭತ್ತದ ಹಬ್ಬವಾದ ಹುತ್ತರಿಯ ಮುಹೂರ್ತ ನಿಗದಿಯಾದರೂ, ಕದಿರು (ಭತ್ತದ ತೆನೆ) ತೆಗೆಯಲು ಬೇರೆಯವರ ಗದ್ದೆಗೆ ಹೋಗುವ ಮನೆಗಳಿವೆ. ಬಾಳೆಹಣ್ಣು, ಹುರಿದ ಅಕ್ಕಿಯ ಪುಡಿ, ಎಳ್ಳು, ಕಾಯಿತುರಿ ಇದ್ದರೆ ಹಬ್ಬದ ತಂಬಿಟ್ಟನ್ನು ಯಾವ ಊರಿನಲ್ಲೂ ಮಾಡಬಹುದು. ರಾತ್ರಿ ಗದ್ದೆಯಲ್ಲಿ ಗುಂಡು ಹಾರಿದ ಮೇಲೆ, ‘ಪೊಲಿ ಪೊಲಿ ದೇವಾ’ (ಹೆಚ್ಚಲಿ ದೇವಾ) ಅಂತ ಎಲ್ಲರ ಜೊತೆ ಕೂಗಿ, ಕದಿರು ಹೊತ್ತು ಬಂದು ತಿಂದರೆ ಆ ಖುಷಿಯೇ ಬೇರೆ.

ಹಾಗಾದರೆ ನೀವೇನು ಮಾಡಬಹುದು? ಮಕ್ಕಳಿಗೆ ಸುಮ್ನೆ ಬಡಿಸಬೇಡಿ, ಕೆಲಸಕ್ಕೆ ಕೂರಿಸಿ. ಕಡಂಬುಟ್ಟು ಇದಕ್ಕೆ ತುಂಬಾ ಒಳ್ಳೆಯದು. ಬೆಂದ ಅಕ್ಕಿತರಿ ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಬಿರುಕು ಬಿಡುತ್ತದೆ. ಅಂಗೈಗೆ ನೀರು ಮುಟ್ಟಿಸಿಕೊಳ್ಳುತ್ತಾ ಬೇಗ ಬೇಗ ಉರುಳಿಸಬೇಕು. ಕೈಗೆ ಹಿಟ್ಟು ಮೆತ್ತಿರುವಾಗ ಯಾರೂ ಮೊಬೈಲ್ ಮುಟ್ಟುವುದಿಲ್ಲ, ಬಾಯಿ ಮಾತ್ರ ಖಾಲಿ ಇರುತ್ತದೆ. ಆ ಹೊತ್ತಿನಲ್ಲಿ ಮನೆಮಾತು ಬಿಟ್ಟು ಬೇರೆ ಮಾತು ಬೇಡ. ನಮ್ಮ ಅತ್ತೆ ಹೀಗೇ ಮಾಡುತ್ತಾರೆ. ರಜೆಗೆ ಬಂದ ಮಕ್ಕಳು ಮೊದಲು ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಅತ್ತೆ ತಿದ್ದುವುದೂ ಇಲ್ಲ, ಕನ್ನಡಕ್ಕೆ ಬದಲಾಯಿಸುವುದೂ ಇಲ್ಲ. ನಿಧಾನಕ್ಕೆ ಕೊಡು, ಹಿಡಿ, ಸಾಕು ಅನ್ನುವಂಥ ಸಣ್ಣ ಮಾತುಗಳು ಅರೆಭಾಷೆಯಲ್ಲೇ ಬರತೊಡಗುತ್ತವೆ. ಆಮೇಲೆ ಜಗಳವೂ ಅದರಲ್ಲೇ!

ಊರಿಗೆ ಬರುವುದನ್ನೂ ಬೇಸಿಗೆ ರಜೆಗೆ ಮಾತ್ರ ಇಟ್ಟುಕೊಳ್ಳಬೇಡಿ. ಆಗ ಗದ್ದೆಯಲ್ಲಿ ಏನೂ ಇರುವುದಿಲ್ಲ. ಆಟಿಯಲ್ಲಿ ಬನ್ನಿ, ಹುತ್ತರಿಗೆ ಬನ್ನಿ, ಶಾಲೆಗೆ ಎರಡು ದಿನ ರಜೆ ಹಾಕಿಸಿಯಾದರೂ ಸರಿ. ಅಜ್ಜಿ ಇದ್ದರೆ ಅಡುಗೆ ಹೇಗೆ ಅಂತ ನೀವು ಕೇಳಬೇಡಿ, ಮಕ್ಕಳ ಕೈಗೆ ಫೋನ್ ಕೊಟ್ಟು ಅವರಿಂದಲೇ ಕೇಳಿಸಿ.